ಹದಿನಾಲ್ಕು ಮನೆಗಳ ಊರು

ಆ ಪೆಟ್ಟಿಗೆ ನಮ್ಮ ಕೈಗೆ ಬಂದದ್ದು ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ನಾನಾಗ ಕಂಕನಾಡಿಯ ಒಬ್ಬ ಕಂಟ್ರಾಕ್ಟರರ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಕೆಲಸಕ್ಕಿದ್ದೆ. ನನ್ನ ಪಕ್ಕದ ಮೇಜಿನವನದು ಸರ್ವೆ ಕೆಲಸ. ಅವನು ಬೆಳಗ್ಗೆ ಸೈಟಿಗೆ ಹೋಗಿ ಜಾಗದ ಏರುತಗ್ಗು ಅಳೆದು ಬರುತ್ತಿದ್ದ. ಮಧ್ಯಾಹ್ನ ಆ ಅಂಕಿಗಳನ್ನು ಓದಿ ಹೇಳುತ್ತಿದ್ದ, ನಾನು ಕಾಗದಕ್ಕೆ ಇಳಿಸುತ್ತಿದ್ದೆ. ಎರಡು ವರ್ಷ ಹೀಗೆ ಒಬ್ಬ ಹೇಳಿ ಒಬ್ಬ ಬರೆದು ನಾವು ಗೆಳೆಯರಾಗಿದ್ದೆವು. ಅವನ ಅಣ್ಣ ದುಬಾಯಿಯಲ್ಲಿದ್ದ. ಜೊತೆಗೆ ಕೆಲಸ ಮಾಡುತ್ತಿದ್ದ ಇಂಗ್ಲಿಷಿನವನೊಬ್ಬ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಹೋದದ್ದು ಎಂದು ಆ ಅಣ್ಣ ರಜೆಗೆ ಬಂದಾಗ ಮುಚ್ಚಳ ಹರಿದ ಒಂದು ರಟ್ಟಿನ ಪೆಟ್ಟಿಗೆ ತಂದಿದ್ದ. ಮಕ್ಕಳ ಆಟದ ಸಾಮಾನು ಎಂದು ಅವನ ಎಣಿಕೆ.

ಒಳಗೆ ಸಣ್ಣ ಅಕ್ಷರದ ಮೂರು ಪುಸ್ತಕ, ನಾವು ಕಂಡರಿಯದ ಆಕಾರದ ಐದು ದಾಳಗಳು. ಒಂದಕ್ಕೆ ನಾಲ್ಕೇ ಮುಖ, ಇನ್ನೊಂದಕ್ಕೆ ಇಪ್ಪತ್ತು. ನನಗೂ ಗೆಳೆಯನಿಗೂ ತಲೆಬುಡ ತಿಳಿಯಲಿಲ್ಲ. ನನ್ನ ಚಿಕ್ಕಮ್ಮನ ಮಗ ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಪುಸ್ತಕಗಳನ್ನು ಅವನಿಗೆ ಕೊಟ್ಟೆವು. ಎರಡು ವಾರ ಕಳೆದು ಅವನು ತನ್ನ ಹಾಸ್ಟೆಲಿನ ಒಬ್ಬ ಧಾರವಾಡದ ಹುಡುಗನನ್ನೂ ಕರೆದುಕೊಂಡು ಬಂದ. ಆ ಹುಡುಗನಿಗೆ ತುಳು ಬಾರದು. ಹಾಗಾಗಿ ನಮ್ಮ ಆಟವೆಲ್ಲ ಕನ್ನಡದಲ್ಲೇ ನಡೆಯಿತು.

"ಒಬ್ಬ ಒಂದು ರಾಜ್ಯ ಮಾಡ್ಬೇಕು. ಬೆಟ್ಟ, ನದಿ, ಊರು, ಜನ ಎಲ್ಲ," ಎಂದು ಚಿಕ್ಕಮ್ಮನ ಮಗ ವಿವರಿಸಿದ. "ಉಳಿದವರು ಆ ರಾಜ್ಯದಲ್ಲಿ ಒಬ್ಬೊಬ್ಬ ಮನುಷ್ಯ ಆಗೋದು. ನೀನು ಎಂತ ಮಾಡ್ತಿ ಅಂತ ಕೇಳಿದ್ರೆ ಹೇಳ್ಬೇಕು. ಆಗ್ತದಾ ಇಲ್ವಾ ಅಂತ ದಾಳ ಹೇಳ್ತದೆ."

"ಹಂಗಾರ ಗೆಲ್ಲಾವ್ರು ಯಾರು?" ಎಂದು ಧಾರವಾಡದವನು ಕೇಳಿದ.

"ಯಾರೂ ಇಲ್ಲ. ಮುಗಿಯೋದೂ ಇಲ್ಲ."

"ಮತ್ತೆ ಎಂತಕ್ಕೆ ಆಡೋದು ಮಾರಾಯ?" ಎಂದ ನನ್ನ ಗೆಳೆಯ. ಆದರೂ ಕೊನೆಗೆ ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟವನು ಅವನೇ.

ಪುಸ್ತಕದಲ್ಲಿದ್ದ ಲೋಕ ಹಿಮ ಬೀಳುವ, ಕೋಟೆಗಳ ದೇಶದ್ದು. ಒಂದು ಭಾನುವಾರ ಅದರಲ್ಲೇ ಆಡಿ ನೋಡಿದೆವು. ಹಿಮದಲ್ಲಿ ನಡೆದರೆ ಕಾಲು ಎಷ್ಟು ಹೂಳುತ್ತದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮದೇ ಒಂದು ರಾಜ್ಯ ಮೊದಲಿನಿಂದ ಮಾಡೋಣ ಎಂದಾಯಿತು. ನಕ್ಷೆ ಬರೆಯಲು ಬರುವವನು ನಾನೊಬ್ಬನೇ ಆದ್ದರಿಂದ ಆ ರಾಜ್ಯವನ್ನು ನಡೆಸುವ ಕೆಲಸವೂ ನನಗೇ ಬಂತು.

ನಾನು ರಾಜಧಾನಿಯಿಂದ ಶುರುಮಾಡಿದ್ದೆ. ಗೆಳೆಯ ನೋಡಿ ತಲೆಯಾಡಿಸಿದ. "ನೀರು ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ ಗೊತ್ತಿಲ್ಲದೆ ಊರು ಮಾಡ್ಲಿಕ್ಕೆ ಆಗುದಿಲ್ಲ," ಎಂದ. ಅದನ್ನು ಅಳಿಸಿ ಬೆಟ್ಟದ ಸಾಲು ಹಾಕಿದೆವು. ಬೆಟ್ಟದಿಂದ ಎರಡು ನದಿ ಇಳಿದವು, ಕಡಲಿಗೆ ಸೇರುವಲ್ಲಿ ಒಂದು ಅಳಿವೆ ಆಯಿತು. ಮೂರು ತಿಂಗಳು ಪ್ರತಿ ಭಾನುವಾರ ಮಧ್ಯಾಹ್ನ ನನ್ನ ಅಪ್ಪನ ಹೋಟೆಲಿನ ಮಹಡಿಯ ಖಾಲಿ ಕೋಣೆಯಲ್ಲಿ ಕುಳಿತು ಇದನ್ನೇ ಮಾಡಿದೆವು. ಕೆಳಗಿನಿಂದ ಚಹಾ, ಬನ್ಸ್ ಬರುತ್ತಿತ್ತು. ಯಾವ ಊರಿನಲ್ಲಿ ಉಪ್ಪು ಆಗುತ್ತದೆ, ಯಾವ ಊರಿಗೆ ಅದು ಎತ್ತಿನ ಮೇಲೆ ಹೋಗುತ್ತದೆ, ಸತ್ತವರನ್ನು ಸುಡುತ್ತಾರೋ ಹೂಳುತ್ತಾರೋ, ಸೋದರಳಿಯ ಆಸ್ತಿಗೆ ಬರುತ್ತಾನೋ ಮಗ ಬರುತ್ತಾನೋ, ಎಲ್ಲಕ್ಕೂ ಚರ್ಚೆ. ಟ್ರೇಸಿಂಗ್ ಕಾಗದದ ಹನ್ನೆರಡು ಹಾಳೆ ತುಂಬಿದವು. ನಾನು ಅಷ್ಟು ಸಂತೋಷದಿಂದ ಆ ಕಚೇರಿಯಲ್ಲಿ ಒಂದು ಗೆರೆಯನ್ನೂ ಎಳೆದದ್ದಿಲ್ಲ.

ಆಡುವ ಮೂವರಿಗೂ ಒಂದೊಂದು ಊರನ್ನು ಅವರವರೇ ಮಾಡಿಕೊಳ್ಳಲು ಬಿಟ್ಟೆ. ಚಿಕ್ಕಮ್ಮನ ಮಗ ನಕ್ಷತ್ರ ನೋಡುವ ಪಂಡಿತರ ಪಟ್ಟಣ ಮಾಡಿದ. ಧಾರವಾಡದವನು ಕುಸ್ತಿಯವರ ಊರು ಮಾಡಿದ. ನನ್ನ ಗೆಳೆಯ ಅಳಿವೆಯ ಬಡಗು ದಿಕ್ಕಿಗೆ, ಕಡಲ ಬದಿಯಲ್ಲಿ, ಹದಿನಾಲ್ಕು ಮನೆಗಳ ಒಂದು ಊರು ಹಾಕಿಸಿದ. ಹಾಕಿಸಿದ ಎನ್ನಬೇಕು, ಸೈಟಿನ ಅಂಕಿ ಹೇಳುವಂತೆಯೇ ಪಕ್ಕದಲ್ಲಿ ಕೂತು ಹೇಳುತ್ತಾ ಹೋದ. ಇಲ್ಲಿ ಹೊಯಿಗೆಯ ದಿಬ್ಬ, ಮರಳು ಹಾರದ ಹಾಗೆ ಅದರ ಮೇಲೆ ಕೇದಗೆ. ದಿಬ್ಬದ ಹಿಂದೆ ನೆಲಗಡಲೆ ಹಾಕುವ ಗದ್ದೆ. ಮೂರು ಬಾವಿ, ಅದರಲ್ಲಿ ಒಂದರ ನೀರು ಬೇಸಿಗೆಯಲ್ಲಿ ಉಪ್ಪು.

"ಅಲ್ಲಿ ಅಲ್ಲ. ಎರಡು ಕೋಲು ಆಚೆ," ಎಂದು ಒಂದು ಬಾವಿಯನ್ನು ಎರಡು ಸಲ ಅಳಿಸಿದ.

"ಆಟದ ಊರಲ್ವಾ, ಎಲ್ಲಿದ್ರೆ ಎಂತ?"

"ಅಲ್ಲಿದ್ರೆ ಐದನೇ ಮನೆಯವರಿಗೆ ದೂರ ಆಗ್ತದೆ."

ಸರ್ವೆಯವನ ಅಭ್ಯಾಸ ಎಂದುಕೊಂಡೆ. ಹೆಚ್ಚು ಕೇಳಲಿಲ್ಲ. ನಮ್ಮದು ಒಂದು ಕಾಲಕ್ಕೆ ಗದ್ದೆ ತೋಟ ಇದ್ದ ಮನೆತನ. ಎಪ್ಪತ್ತರ ದಶಕದಲ್ಲಿ ಕಾನೂನು ಬಂದು ಹೆಚ್ಚಿನದು ಒಕ್ಕಲುಗಳಿಗೆ ಹೋದ ಮೇಲೆ ಅಪ್ಪ ಹೋಟೆಲು ಹಾಕಿದ್ದರು. ಹೋದ ಗದ್ದೆಗಳ ಮಾತಿಲ್ಲದೆ ನಮ್ಮ ಮನೆಯಲ್ಲಿ ಒಂದು ಊಟವೂ ಮುಗಿಯುತ್ತಿರಲಿಲ್ಲ. ಕಳಕೊಂಡವರು ಬಾಯಿಬಿಟ್ಟು ಹೇಳಿಯೇ ಹೇಳುತ್ತಾರೆ ಎಂದೇ ನಾನು ತಿಳಿದಿದ್ದೆ.

ಆಟ ಶುರುವಾದ ಮೇಲೆ ಒಂದು ತೊಡಕು ಕಾಣಿಸಿತು. ಚಿಕ್ಕಮ್ಮನ ಮಗನೂ ಧಾರವಾಡದವನೂ ನಿಧಿ ಹುಡುಕಿಕೊಂಡು ಬೆಟ್ಟದ ಕಡೆಗೆ ಹೊರಡಲು ತುದಿಗಾಲಲ್ಲಿದ್ದರು. ನನ್ನ ಗೆಳೆಯ ಬಾವಿ ತೋಡುವ ಒಬ್ಬ ಮನುಷ್ಯನಾಗಿದ್ದ, ಊರು ಬಿಟ್ಟು ಕದಲುತ್ತಿರಲಿಲ್ಲ. "ನೀನು ಎಂತ ಮಾಡ್ತಿ?" ಎಂದು ಕೇಳಿದರೆ, "ಇವತ್ತು ಮೂರನೇ ಮನೆಯ ಮಾಡಿಗೆ ತೆಂಗಿನ ಮಡಲು ಹೊದೆಸ್ಲಿಕ್ಕುಂಟು," ಎನ್ನುತ್ತಿದ್ದ. ದಾಳ ಹಾಕಿ ನೋಡುತ್ತಿದ್ದ. ಹೊದೆಸಿ ಆಗುತ್ತಿತ್ತು. ಉಳಿದಿಬ್ಬರು ಆಕಳಿಸುತ್ತಿದ್ದರು.

ಅವನನ್ನು ಅಲ್ಲಿಂದ ಎಬ್ಬಿಸದೆ ಕತೆ ಮುಂದೆ ಹೋಗುವುದಿಲ್ಲ ಎಂದು ನನಗನ್ನಿಸಿತು. ಉಪಾಯ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಟಿ ತಿಂಗಳ ಒಂದು ಭಾನುವಾರ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಕಡಲು ಉಕ್ಕಿ ಅಳಿವೆ ದಾಟಿ ಬಂದು ಆ ಊರನ್ನು ತೆಗೆದುಕೊಂಡಿತು ಎಂದು ಹೇಳಿದೆ. ಚೆನ್ನಾಗಿ ಹೇಳಿದೆ. ಹಿಂದಿನ ವಾರವಿಡೀ ಮನಸ್ಸಿನಲ್ಲೇ ತಯಾರಿ ಮಾಡಿದ್ದೆ. ಚಿಕ್ಕಮ್ಮನ ಮಗ ಚಹಾ ಕುಡಿಯುವುದನ್ನೂ ಮರೆತು ಕೇಳಿದ.

ಗೆಳೆಯ ನಕ್ಷೆಯ ಮೇಲೆ ಬೆರಳಿಟ್ಟ. ಆಮೇಲೆ ಕೇಳಿದ, "ಬಾವಿ?"

"ಮುಳುಗಿತು."

"ಮೂರೂ?"

"ಮೂರೂ."

"ಜನ?"

"ಕೆಲವರು ಹೋದ್ರು. ಕೆಲವರು ಓಡಿ ಪಾರಾದ್ರು."

"ಯಾರು ಯಾರು?"

ಅದನ್ನು ನಾನು ಯೋಚಿಸಿರಲಿಲ್ಲ. "ಅದೆಲ್ಲ ಯಾಕೆ ಈಗ," ಎಂದೆ.

"ಇಲ್ಲ, ಹೇಳ್ಬೇಕು. ದಾಳ ಹಾಕು. ಮನೆ ಮನೆಗೆ ಹಾಕು."

ಹಾಕಿದೆ. ಒಂದನೇ ಮನೆ, ಎರಡನೇ ಮನೆ. ಅವನು ಒಂದು ಚೂರು ಕಾಗದದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುತ್ತಿದ್ದ. ಪಾರಾದ ಮನೆಗೆ ಒಂದು ಚುಕ್ಕೆ, ಹೋದ ಮನೆಗೆ ಏನೂ ಇಲ್ಲ. ಏಳನೆಯದು ಬರುವಷ್ಟರಲ್ಲಿ ನನಗೆ ಬೇಸರ ಬಂದು ಬೇಗ ಬೇಗ ಹಾಕತೊಡಗಿದೆ. ಒಂದು ದಾಳ ಮೇಜಿನಿಂದ ಕೆಳಗೆ ಬಿತ್ತು. ಬಿದ್ದದ್ದನ್ನೇ ಲೆಕ್ಕಕ್ಕೆ ಹಿಡಿಯಲು ಹೋದೆ. ಅವನು ಬಗ್ಗಿ ಹೆಕ್ಕಿ, "ಸರಿಯಾಗಿ ಹಾಕು," ಎಂದು ಕೈಗೆ ಕೊಟ್ಟ. ಹದಿನಾಲ್ಕರಲ್ಲಿ ಐದು ಉಳಿದವು. ಅವನು ಕಾಗದ ಮಡಚಿ ಕಿಸೆಗೆ ಹಾಕಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದ. ಗಂಟೆ ಆಗ ನಾಲ್ಕೂ ಆಗಿರಲಿಲ್ಲ.

ಮರುದಿನ ಕಚೇರಿಗೆ ಬಂದ, ಅಂಕಿ ಓದಿ ಹೇಳಿದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮನೆಯಲ್ಲಿ ಕೆಲಸ ಉಂಟು ಎನ್ನುತ್ತಿದ್ದ.

ಒಂದು ತಿಂಗಳ ಮೇಲೆ ಸುರತ್ಕಲ್ ಕಡೆಯ ಒಂದು ಜಾಗದ ಗಡಿ ನೋಡಬೇಕಾಗಿ ಬಂತು. ಕಚೇರಿಯ ಕಪಾಟಿನಿಂದ ಹಳೆಯ ಸರ್ವೆ ನಕ್ಷೆಗಳ ಸುರುಳಿ ತೆಗೆದೆ. ಅದರಲ್ಲಿ ಒಂದು ಹಾಳೆಯನ್ನು ಬಿಡಿಸಿದವನು ಹಾಗೆಯೇ ನಿಂತೆ. ಕಡಲ ಬದಿಯ ದಿಬ್ಬ, ಹಿಂದೆ ಗದ್ದೆ, ಹದಿನಾಲ್ಕು ಮನೆ, ಮೂರು ಬಾವಿ. ಐದನೇ ಮನೆಯ ಹತ್ತಿರದ ಬಾವಿ ಅವನು ಹೇಳಿದಲ್ಲಿಯೇ ಇತ್ತು.

ಕಚೇರಿಯ ಹಿರಿಯ ಡ್ರಾಫ್ಟ್ಸ್‌ಮನ್ ಕನ್ನಡಕ ಏರಿಸಿ ನೋಡಿದರು. "ಅದು ಈಗ ಇಲ್ಲ. ಬಂದರಿನ ಕಾಮಗಾರಿಗೆ ಜಾಗ ಬೇಕು ಅಂತ ಎಲ್ಲರನ್ನೂ ಎಬ್ಬಿಸಿದ್ದು. ಆಮೇಲೆ ಅಗೆದು ಕಡಲನ್ನು ಒಳಗೆ ಬಿಟ್ಟಿದ್ದಾರೆ. ಈಗ ಅಲ್ಲಿ ಹಡಗು ನಿಲ್ಲುವಷ್ಟು ನೀರುಂಟು," ಎಂದರು. ಮತ್ತೆ ನನ್ನ ಪಕ್ಕದ ಖಾಲಿ ಕುರ್ಚಿ ತೋರಿಸಿ, "ಇವನದ್ದು ಅದೇ ಊರಲ್ವಾ? ನಿಂಗೆ ಹೇಳ್ಲಿಲ್ವಾ?" ಎಂದರು.

ಅವನ ಊರಿನ ಮೇಲೆ ಒಂದು ಸಲ ನೀರು ನಿಂತಿತ್ತು. ಎರಡನೇ ಸಲ ತಂದವನು ನಾನು, ಅದೂ ಬೇರೆ ಇಬ್ಬರಿಗೆ ಬೇಸರ ಬಂತೆಂದು.

ಸಂಜೆ ಅವನನ್ನು ಚಹಾಕ್ಕೆ ಕರೆದೆ. "ನಂಗೆ ಗೊತ್ತಿರ್ಲಿಲ್ಲ," ಎಂದೆ.

"ಎಂತ ಗೊತ್ತಿರ್ಲಿಲ್ಲ?"

"ಅದು ನಿಮ್ಮ ಊರು ಅಂತ."

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. "ಆಟ ಅಲ್ವಾ ಮಾರಾಯ. ಬಿಡು," ಎಂದ. ನಾನು ಬಿಟ್ಟೆ. ಬಿಡಬಾರದಿತ್ತು ಎಂದು ಆಗಲೂ ಗೊತ್ತಿತ್ತು.

ದೀಪಾವಳಿಯ ಹೊತ್ತಿಗೆ ಅವನ ಅಣ್ಣ ವೀಸಾ ಕಳಿಸಿದ. ಗೆಳೆಯ ದುಬಾಯಿಗೆ ಹೊರಟುಹೋದ ಮೇಲೆ ಕಚೇರಿಯಿಂದ ಅವನ ಅನುಭವದ ಸರ್ಟಿಫಿಕೇಟು ತಯಾರಾಗಿ ಬಂತು. ಮನೆಗೆ ಕೊಟ್ಟು ಬರುತ್ತೇನೆಂದು ನಾನೇ ತೆಗೆದುಕೊಂಡೆ. ಬಿಕರ್ನಕಟ್ಟೆಯಲ್ಲಿ ಬಸ್ಸಿಳಿದು ಒಳಗಿನ ಓಣಿಯಲ್ಲಿ ಕೇಳುತ್ತಾ ಹೋದೆ. ಬಾಡಿಗೆಯ ಹಂಚಿನ ಮನೆ. ಅವನ ತಾಯಿ ಒಬ್ಬರೇ ಇದ್ದರು. ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖ ಅರಳಿತು. ನಾವು ಮಾತಾಡಿದ್ದು ತುಳುವಿನಲ್ಲಿ.

"ನಕ್ಷೆ ಬರೆಯುವವರು ನೀವಾ? ಕೂತ್ಕೊಳ್ಳಿ," ಎಂದು ಚಾಪೆ ಹಾಸಿದರು. "ಆದಿತ್ಯವಾರ ಆದ್ರೆ ಅವ ಬಂದು ಎಲ್ಲ ಹೇಳ್ತಿದ್ದ. ಮೊದಲು ಯಾವ ಮನೆ ಎಲ್ಲಿ ಅಂತ ನನ್ನತ್ರ ಕೇಳಿದ. ನಾವು ಅಲ್ಲಿಂದ ಬರುವಾಗ ಅವ ಸಣ್ಣವ, ಅವನಿಗೆ ಎಲ್ಲಿ ನೆನಪು. ಎಲ್ಲ ನಾನು ಹೇಳಿದ್ದು."

ನಾನು ಸರ್ಟಿಫಿಕೇಟು ತೆಗೆದು ಅವರ ಕೈಗೆ ಕೊಟ್ಟೆ.

"ಕಾಗದದಲ್ಲಿರೋದು ಅಂತ ನಂಗೆ ಗೊತ್ತುಂಟು. ಮರುಳು ಇಲ್ಲ ನಂಗೆ," ಎಂದು ಅವರು ನಕ್ಕರು. "ಆದ್ರೂ ಕೇಳ್ಲಿಕ್ಕೆ ಒಳ್ಳೇದಾಗ್ತದೆ. ಹೋಗುವ ಮೊದಲಿನ ವಾರ ಹೇಳಿದ, ಎಂಟನೇ ಮನೆಯ ಹುಡುಗಿಗೆ ಮದುವೆ ಆಯ್ತು, ನೆಲಗಡಲೆ ಬಿತ್ತಿ ಆಯ್ತು ಅಂತ. ಈಗ ಎಂತ ಆಗ್ತಾ ಉಂಟು ಅಲ್ಲಿ?"

ಎಂಟನೇ ಮನೆಗೆ ಚುಕ್ಕೆ ಬಿದ್ದಿರಲಿಲ್ಲ. ನನಗೆ ಚೆನ್ನಾಗಿ ನೆನಪಿತ್ತು. ನಾನು ಮುಳುಗಿಸಿದ ಮೇಲೂ ಮೂರು ತಿಂಗಳು ಅವನು ಆ ಊರನ್ನು ಒಬ್ಬನೇ ಅಮ್ಮನಿಗಾಗಿ ನಡೆಸಿದ್ದ. ದಾಳವಿಲ್ಲದೆ, ನಕ್ಷೆಯಿಲ್ಲದೆ, ಆದಿತ್ಯವಾರ ತಪ್ಪದೆ.

"ಹೊಸ ಬಾವಿ ತೋಡಿದ್ದಾರೆ," ಎಂದೆ. ಬಾಯಿಗೆ ಬಂದದ್ದು ಅದು.

"ಎಲ್ಲಿ?"

"ದಿಬ್ಬದ ಹತ್ತಿರ."

"ನೀರು ಹೇಗುಂಟು?"

"ಸಿಹಿ ಉಂಟು."

ಅವರು ನನ್ನ ಮುಖ ನೋಡಿದರು. "ದಿಬ್ಬದ ಹತ್ತಿರ ಸಿಹಿನೀರು ಸಿಗ್ಲಿಕ್ಕಿಲ್ಲ," ಎಂದರು ಮೆಲ್ಲಗೆ. ಮತ್ತೆ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ನಾನು ಬಿಸಿಬಿಸಿ ಕುಡಿದು ಹೊರಟೆ.

ಎರಡು ವರ್ಷ ಬಿಟ್ಟು ಅವನು ರಜೆಗೆ ಬಂದದ್ದು ನನಗೆ ತಿಳಿದದ್ದು ಕಂಕನಾಡಿ ಮಾರ್ಕೆಟಿನಲ್ಲಿ ಅವನನ್ನು ಕಂಡ ಮೇಲೆ. ಸ್ವಲ್ಪ ದಪ್ಪ ಆಗಿದ್ದ. ಕೈಯಲ್ಲಿ ಬಂಗುಡೆ ಮೀನಿನ ಚೀಲ ಇತ್ತು. ಅಲ್ಲಿನ ಬಿಸಿಲು, ರೂಮು, ಕೆಲಸ ಎಲ್ಲ ಮಾತಾಡಿದೆವು. ಹೊರಡುವಾಗ ಅವನೇ ಎತ್ತಿದ.

"ನೀನು ಮನೆಗೆ ಬಂದಿದ್ದೆ, ದಿಬ್ಬದ ಹತ್ತಿರ ಸಿಹಿನೀರು ಅಂತ ಹೇಳಿದೆ ಅಂತ ಅಮ್ಮ ಪತ್ರ ಬರೆಸಿದ್ರು."

"ಹೌದು."

"ಆಮೇಲೆ ನಾನು ಅಲ್ಲಿಂದ ಪತ್ರ ಬರೆದೆ. ಊರಿಗೆ ಕಡಲು ಬಂತು ಅಂತ. ಯಾವ ಮನೆ ಹೋಯ್ತು, ಯಾವ ಮನೆ ಉಳಿಯಿತು, ಎಲ್ಲ ಬರೆದೆ. ಪಕ್ಕದ ಮನೆಯ ಹುಡುಗಿ ಓದಿ ಹೇಳಿದ್ದಂತೆ."

"ಅವರು ಎಂತ ಹೇಳಿದ್ರು?"

"ಎಂತ ಇಲ್ಲ. ಇನ್ನೊಂದು ಸಲ ಓದು ಅಂದ್ರಂತೆ." ಅವನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. "ನೀನು ಇನ್ನು ಮನೆಗೆ ಹೋಗ್ಬೇಡ. ನಿನ್ನನ್ನು ನೋಡಿದ್ರೆ ಅಲ್ಲಿ ಈಗ ಎಂತ ಅಂತ ಅವರು ಕೇಳ್ತಾರೆ."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಸಿಟ್ಟಾಗಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೋ ಏನೋ. ಸರಿ ಎಂದೆ. ಅವನು ರಸ್ತೆ ದಾಟಿ ಬಿಕರ್ನಕಟ್ಟೆಯ ಬಸ್ಸು ಹತ್ತಿದ.

ಅವನು ಹೇಳಿದಂತೆ ನಾನು ಹೋಗಲಿಲ್ಲ. ಅವನ ತಾಯಿ ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ಉತ್ತರಕ್ರಿಯೆಯ ಬೊಜ್ಜವೂ ಕಳೆದು ಬಹಳ ದಿನ ಆಗಿತ್ತು, ಅವನು ಬಂದು ಎಲ್ಲ ಮುಗಿಸಿ ವಾಪಸು ಹೋಗಿಯೂ ಆಗಿತ್ತು. ಪತ್ರ ಬರೆಯೋಣವೆಂದರೆ ಅವನ ಅಲ್ಲಿನ ವಿಳಾಸ ನನ್ನ ಬಳಿ ಇರಲಿಲ್ಲ.