ಇಪ್ಪತ್ನಾಲ್ಕರ ಕೂಡುಪೆಟ್ಟು

ಮಗ್ಗೆ ಎಂಬ ಊರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ತಮಟೆ ಎಂದರೆ ಲಕ್ಕಯ್ಯ ಮತ್ತು ಅವರ ಹೆಂಡತಿಯ ತಮ್ಮ ಭೂತಯ್ಯ. ತಾಯಿ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದ ಭೂತಯ್ಯನಿಗೆ ಕೋಲು ಹಿಡಿಯಲು ಕಲಿಸಿದವರೇ ಲಕ್ಕಯ್ಯ. ಇಬ್ಬರೂ ಒಟ್ಟಿಗೆ ಶುರುಮಾಡಿ ಒಂದೇ ವೇಗದಲ್ಲಿ ಬಡಿಯುತ್ತಾರೆ. ಲಕ್ಕಯ್ಯ ಪ್ರತಿ ಆರನೆಯ ಪೆಟ್ಟನ್ನು ಜೋರಾಗಿ ಹಾಕುತ್ತಾರೆ, ಭೂತಯ್ಯ ಪ್ರತಿ ಎಂಟನೆಯದನ್ನು. ಬೇರೆ ಬೇರೆ ಬೀಳುತ್ತಿದ್ದ ಜೋರು ಪೆಟ್ಟುಗಳು ಒಂದು ಕಡೆ ಸೇರುತ್ತವೆ. ಅದೇ ಕೂಡುಪೆಟ್ಟು. ಸುಗ್ಗಿ ಕುಣಿಯುವವರು ಅದಕ್ಕೇ ಕಾದು ತಿರುಗುತ್ತಾರೆ.

ಲಕ್ಕಯ್ಯನಿಗೆ ಇದ್ದದ್ದು ಒಂದೇ ಆಸೆ. ಊರಾಚೆ ಒಮ್ಮೆ ತಂಡದ ಮುಂದೆ ನಿಂತು ಬಾರಿಸಬೇಕು.

ಹೋದ ವರ್ಷ ಶಾಲೆಯ ಚೈತ್ರಶ್ರೀ ಮೇಡಂ ಮಕ್ಕಳಿಗೆ ಲ.ಸಾ.ಅ. ಹೇಳಿಕೊಡಲು ಇಬ್ಬರನ್ನೂ ಕರೆದರು. ಬೋರ್ಡಿನ ಮೇಲೆ ಆರು, ಹನ್ನೆರಡು, ಹದಿನೆಂಟು, ಇಪ್ಪತ್ನಾಲ್ಕು ಎಂದು ಬರೆದು, ಅದರ ಕೆಳಗೆ ಎಂಟು, ಹದಿನಾರು, ಇಪ್ಪತ್ನಾಲ್ಕು ಎಂದು ಬರೆದರು.

"ಆರೆಂಟ್ಲ ನಲವತ್ತೆಂಟಕ್ಕೂ ಸೇರ್ತವಲ್ಲ ಮಿಸ್?" ಎಂದಿತು ಒಂದು ಮಗು.

"ಸೇರ್ತವೆ. ಅದಕ್ಕೂ ಮೊದ್ಲು ಎಲ್ಲಿ ಸೇರ್ತವೆ ಅಂತ ಕಿವಿಗೊಟ್ಟು ಕೇಳಿ."

ತಮಟೆಗಳು ಇಪ್ಪತ್ನಾಲ್ಕಕ್ಕೆ ಕೂಡಿದವು. ಮಕ್ಕಳು ಕೂಗಾಡಿ ಚಪ್ಪಾಳೆ ಹೊಡೆದರು.

ಅದೇ ಮಧ್ಯಾಹ್ನ ಆಲೂರಿನ ಯೋಗಾನಂದ ಜೀಪಿನಲ್ಲಿ ಬಂದರು. ಸಕಲೇಶಪುರದ ಕಡೆಯ ಹೋಂಸ್ಟೇಗಳಲ್ಲಿ ಬಾರಿಸುವ ತಂಡ ಅವರದು. ಮುಂದೆ ನಿಲ್ಲಲು ಒಬ್ಬ ಬೇಕಿತ್ತು. ಶಾಲೆಯ ಅಂಗಳದಲ್ಲೇ ಬಾರಿಸಿ ಎಂದರು. ಈ ಸಲ ಪೆಟ್ಟುಗಳು ಕೂಡಲಿಲ್ಲ. ಮತ್ತೆ ಶುರುಮಾಡಿದರು, ಕೂಡಲಿಲ್ಲ. ಮೂರನೆಯ ಸಲವೂ ಅಷ್ಟೇ.

ಭೂತಯ್ಯ ಕೋಲು ಇಳಿಸಿ ಭಾವನ ಮುಖ ನೋಡಿದ. "ಭಾವಂಗೆ ವಯಸ್ಸಾಯ್ತು ಸಾರ್. ಮುಂಚೆ ಬಿದ್ಬುಡ್ತದೆ ಪೆಟ್ಟು. ಏನೂ ಅನ್ಕೋಬೇಡಿ."

ಲಕ್ಕಯ್ಯ ತಮ್ಮ ಕೈಯನ್ನೇ ನೋಡಿಕೊಂಡರು. "ಹೌದು ಸಾರ್, ಕೈ ಸೋತೈತೆ. ನಮ್ಮ ಭೂತನ್ನೇ ಕರ್ಕೊಂಡೋಗಿ. ಒಳ್ಳೆ ಹುಡ್ಗ."

ಮರುದಿನ ಬಸ್ಸಿಳಿದ ಮೇಡಂ ಲಕ್ಕಯ್ಯನನ್ನು ತಡೆದು ನಿಲ್ಲಿಸಿದರು. "ನಿನ್ನೆ ಪಾಠದ ಗುಂಗಲ್ಲಿ ನಾನು ಸುಮ್ನೆ ಎಣಿಸ್ತಾ ಇದ್ದೆ, ಲಕ್ಕಯ್ಯನೋರೆ. ನಿಮ್ಮದು ಸರಿಯಾಗಿ ಇಪ್ಪತ್ನಾಲ್ಕಕ್ಕೇ ಬಿತ್ತು. ಭೂತಯ್ಯಂದು ಇಪ್ಪತ್ತೈದಕ್ಕೆ. ಪಾಪ, ಸುಸ್ತಾಗಿತ್ತೇನೋ."

"ಮೂರು ಸಲನೂ ಇಪ್ಪತ್ತೈದೇನಾ?"

"ಮೂರು ಸಲನೂ."

ಮನೆಗೆ ಬಂದು ಅದನ್ನು ಹೇಳಿದಾಗ ಹೆಂಡತಿ ಮಾರಮ್ಮ ಸಿಡುಕಿದರು. "ನನ್ ತಮ್ಮ ಅಂತೋನಲ್ಲ. ಏನೋ ಕೈ ತಪ್ಪೈತೆ."

"ತಪ್ಪಿದ್ರೆ ಒಂದ್ಸಲ ಹಿಂದೆ ಬೀಳ್ತದೆ, ಒಂದ್ಸಲ ಮುಂದೆ ಬೀಳ್ತದೆ ಕಣೆ. ಮೂರು ಸಲನೂ ಒಂದೇ ಪೆಟ್ಟು ಹಿಂದೆ ಅಂದ್ರೆ, ಎಣಿಸ್ಕಂಡೇ ಬಡ್ದವ್ನೆ. ಎಣಿಸೋದು ನಾನೇ ಕಲ್ಸಿದ್ದು."

ಲಕ್ಕಯ್ಯ ಭೂತಯ್ಯನನ್ನು ಕೇಳಲು ಹೋಗಲಿಲ್ಲ. ಒಳ್ಳೆ ಹುಡ್ಗ ಎಂದು ತಾವೇ ಹೇಳಿ ಕಳಿಸಿದ್ದು ಮಾತ್ರ ಅವರಿಗೆ ಮರೆಯಲಾಗಲಿಲ್ಲ.

ಈ ವರ್ಷದ ಸುಗ್ಗಿಗೆ ಭೂತಯ್ಯ ತಂಡದ ಕೆಂಪು ಅಂಗಿ ತೊಟ್ಟು ಬಂದ. ಊರಿನ ಸುಗ್ಗಿಗೆ ಇಬ್ಬರೂ ಬಾರಿಸಲೇಬೇಕು. ಪಕ್ಕದಲ್ಲಿ ನಿಂತು, "ಶುರು ಮಾಡಾನಾ ಭಾವ?" ಎಂದ. ಲಕ್ಕಯ್ಯ ತಲೆಯಾಡಿಸಿದರು.

ಭೂತಯ್ಯ ಎಂದಿನಂತೆ ಎಂಟನೆಯದನ್ನು ಜೋರಾಗಿ ಹಾಕಿದ. ಲಕ್ಕಯ್ಯನ ಜೋರು ಪೆಟ್ಟು ಆರಕ್ಕೆ ಬೀಳಲಿಲ್ಲ, ಏಳಕ್ಕೆ ಬಿತ್ತು. ಮುಂದಿನದು ಹದಿನಾಲ್ಕಕ್ಕೆ. ಇಪ್ಪತ್ನಾಲ್ಕು ಬಂತು, ಹೋಯಿತು. ಕುಣಿಯುವವರು ತಿರುಗಲು ಎತ್ತಿದ ಕಾಲನ್ನು ಹಾಗೇ ಇಳಿಸಿದರು.

"ಏನ್ ಲಕ್ಕಣ್ಣ, ಇವತ್ತು ಕೂಡೋದೇ ಇಲ್ವಾ ಮಾರಾಯ?" ಎಂದು ಕೂಗಿದ ಕುಣಿತದ ಸಾಲಿನ ಮುಂದಿದ್ದ ಗಿಡ್ಡಯ್ಯ.

"ಕೂಡ್ತೀವಿ ಕಣೋ, ಐವತ್ತಾರಕ್ಕೆ. ಇನ್ನೂ ದೂರ ಐತೆ."

ಭೂತಯ್ಯನಿಗೆ ಅರ್ಥವಾಯಿತು. ಅವನು ಭಾವನ ಕಡೆ ತಿರುಗದೆ, ತುಟಿ ಅಲುಗಿಸುತ್ತಾ ಎಣಿಸತೊಡಗಿದ. ನಲವತ್ತೆಂಟು ದಾಟಿತು. ಐವತ್ತೈದರ ಪೆಟ್ಟು ಹಾಕಿ ಲಕ್ಕಯ್ಯ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು.

ಐವತ್ತಾರನೆಯದನ್ನು ಭೂತಯ್ಯ ಒಬ್ಬನೇ ಬಡಿದ.