ಅಕ್ಕನ ಅಡ್ಡಕಾಯಿ

ಮೊನ್ನೆ ಕುಣಿಗಲ್ಲಿನ ನಮ್ಮ ಮನೆಯಲ್ಲಿ ಮಗಳು ಹುಣಿಸೆಬೀಜವನ್ನು ಕಲ್ಲಿಗೆ ಉಜ್ಜುತ್ತಿದ್ದಳು. ಚೌಕಾಬಾರಕ್ಕೆ ಕವಡೆ ಇರಲಿಲ್ಲ. ಉಜ್ಜಿ ಕಾದ ಬೀಜದ ಆ ಸುಟ್ಟ ವಾಸನೆಗೆ ಉಪ್ಪಾರಹಳ್ಳಿಯ ಓನರ್ ಅಕ್ಕ ಎದುರಿಗೇ ಬಂದು ಕೂತಂತಾಯಿತು...

ಶಿರಾ ಗೇಟಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅಕ್ಕನ ಮನೆಯ ಹಿಂಬದಿಯ ರೂಮಿನಲ್ಲಿ ನಾನು ಬಾಡಿಗೆಗಿದ್ದೆ. ಭಾನುವಾರ ಗುಬ್ಬಿಯಿಂದ ಅವರ ತಮ್ಮ ಬರುತ್ತಿದ್ದ. ಅವನಿಗೂ ಅಕ್ಕನ ಗಂಡನಿಗೂ ಎಣ್ಣೆ ಸೀಗೇಕಾಯಿ. ಆದರೂ ಇಬ್ಬರಿಗೂ ಚೌಕಾಬಾರ ಬೇಕು. ಕಾಯಿ ಕಡಿಯುವುದರಲ್ಲಿ ಶುರುವಾಗಿದ್ದು ಕಾಲರ್ ಹಿಡಿಯುವುದರಲ್ಲಿ ಮುಗಿಯುತ್ತಿತ್ತು. ಒಮ್ಮೆ ಗಂಡನ ತುಟಿ ಸೀಳಿತ್ತು, ಇನ್ನೊಮ್ಮೆ ತಮ್ಮನ ಹಲ್ಲು ಹಾರಿತ್ತು.

ಅದಕ್ಕೇ ಅಕ್ಕ ಹೊಸ ರೂಲ್ ಕಟ್ಟಿದರು. ಒಬ್ಬರ ಕಾಯಿಯನ್ನು ಇನ್ನೊಬ್ಬರು ಕಡಿಯುವಾಗ ಮೂರನೆಯವರು ತಮ್ಮ ಕಾಯಿ ಅಡ್ಡ ಕೊಡಬಹುದು. ಅಡ್ಡ ಬಂದ ಕಾಯಿ ಸಾಯುತ್ತದೆ, ಕಡಿಯಬೇಕಿದ್ದ ಕಾಯಿ ಉಳಿಯುತ್ತದೆ. ವಾರಗಟ್ಟಲೆ ನನ್ನನ್ನು ಕೂರಿಸಿಕೊಂಡು ಆಡಿ ನೋಡಿದರು. ನಾನು ಆಗಷ್ಟೇ ಹೊರಟ ಕಾಯಿ ಕೊಟ್ಟು ಬಚಾವಾಗುತ್ತಿದ್ದೆ.

"ಹಂಗಲ್ಲ ಕಣೇ. ನಡುಮನೆ ಮುಟ್ಟಿ ಹಣ್ಣಾಗೋಕ್ ಬಂದಿರೋ ಕಾಯೇ ಕೊಡ್ಬೇಕು. ನೋವಾಗ್ದಿದ್ರೆ ಅದುಕ್ ಬೆಲೆ ಏನ್ ಬಂತು?"

ರೂಲ್ ಕೆಲಸ ಮಾಡಿತು. ಆದರೆ ಕಾಯಿ ಅಡ್ಡ ಕೊಡುತ್ತಿದ್ದವರು ಅಕ್ಕ ಒಬ್ಬರೇ. ಹೊಡೆದಾಟ ನಿಂತಿತು, ಅಕ್ಕ ಗೆಲ್ಲುವುದೂ ನಿಂತಿತು.

"ನೀವ್ ಗೆಲ್ಲೋದ್ ಯಾವಾಗಕ್ಕ?" ಎಂದೆ.

"ಇವ್ರಿಬ್ರೂ ಒಟ್ಟಿಗ್ ಕೂತು ಉಂಡ್ರೆ ನಾನ್ ಗೆದ್ದಂಗೇ, ಬುಡು."

ಒಂದು ಭಾನುವಾರ ಗಂಡನ ಕೊನೆಯ ಕಾಯಿ ಹಣ್ಣಾಗಲು ಒಂದೇ ಮನೆ ಬಾಕಿ. ತಮ್ಮ ಅದನ್ನು ಕಡಿಯಲು ಬಂದ. ಅಕ್ಕ ತಮ್ಮದೇ ಒಂದು ಕಾಯಿ ಅಡ್ಡ ಇಟ್ಟರು.

"ಯಾವಾಗ್ಲೂ ಅವ್ನ್ ಕಡೇನೇ ಏನಕ್ಕ ನೀನು!"

ಕಿರುಚಿದವನೇ ಕೂತಿದ್ದ ಮಣೆ ಎತ್ತಿ ಭಾವನ ತಲೆಗೆ ಬೀಸಿದ. ಅಕ್ಕ ನಡುವೆ ನುಗ್ಗಿದರು. ಮಣೆಯ ಅಂಚು ಅವರ ಕಿವಿಯ ಮೇಲೆ ಇಳಿಯಿತು. ತೆಂಗಿನಕಾಯಿ ಒಡೆದಂಥ ಸದ್ದು... ಸೀಮೆಸುಣ್ಣದ ಮನೆಗಳೆಲ್ಲ ರಕ್ತದಲ್ಲಿ ಅಳಿಸಿಹೋದವು. ಆಸ್ಪತ್ರೆಗೆ ಒಯ್ದವರು ಹೆಣ ತಂದರು. ತಮ್ಮ ಜೈಲಿಗೆ ಹೋದ. ಆ ರೂಲಿನ ಮೇಲೆ ನನಗೆ ಇವತ್ತಿಗೂ ಕೋಪ.

ಮೊನ್ನೆ ಬೀಜ ಉಜ್ಜಿದ್ದಾದ ಮೇಲೆ ಮೂವರೂ ಆಟಕ್ಕೆ ಕೂತೆವು. ನಾನು ನನ್ನ ಗಂಡನ ಕಾಯಿ ಕಡಿಯಲು ಕೈ ಚಾಚಿದೆ.

"ಅಪ್ಪಂದ್ ಬೇಡಮ್ಮ, ನಂದ್ ಕಡಿ," ಎಂದು ಮಗಳು ಹಣ್ಣಾಗಲಿದ್ದ ಕಾಯಿಯನ್ನು ಮುಂದೆ ತಳ್ಳಿದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

"ಹಂಗೆಲ್ಲ ರೂಲಿಲ್ಲ!"

ಅವಳ ಕೈ ಮೇಲೆ ಫಟ್ಟನೆ ಹೊಡೆದೆ. ಗಂಡ ಗಾಬರಿಯಾಗಿ ನನ್ನನ್ನೇ ನೋಡಿದರು. ಮಗಳು ಬಿಕ್ಕುತ್ತ ಕಾಯಿಯನ್ನು ಹಿಂದಕ್ಕೆ ಎಳೆದುಕೊಂಡಳು. ನನಗೆ ಅಷ್ಟೇ ಬೇಕಿತ್ತು.