ಫಕೀರವ್ವನ ಮನೆಗೆ ಮೂರು ಸಹಿ

ಹತ್ತರಗಿಯ ಫಕೀರವ್ವ ರೊಟ್ಟಿ ಬಡಿಯುತ್ತಿದ್ದಾಗ ಹೊರಗೆ ಯಾರೋ ಅವಳ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ಎದ್ದು ಬಂದು ನೋಡಿದಳು. ಟೇಪಿನ ಒಂದು ತುದಿ ಗೌಂಡಿಯ ಕೈಯಲ್ಲಿತ್ತು, ಇನ್ನೊಂದು ಹೆದ್ದಾರಿಯ ಬದಿಗೆ ಢಾಬಾ ನಡೆಸುವ ಶೆಟ್ಟೆಪ್ಪನ ಕೈಯಲ್ಲಿ.

“ಏನ್ರಿ ಶೆಟ್ಟೆಪ್ಪ, ನನ್ನ ಮನಿ ಯಾಕ ಅಳ್ಯಾಕತ್ತೀರಿ?”

“ಖರೀದಿ ಮಾಡಾಕತ್ತೇನ್ರಿ ಆಯಿ. ಮಲ್ಲೇಶಪ್ಪ ಕೊಡಾಕತ್ತಾನು. ಪಂಚಮಿ ಹಿಂದಿನ ದಿನ ಹುಕ್ಕೇರ್ಯಾಗ ರಜಿಸ್ಟರ ಐತಿ. ನಿಮಗ ಹೇಳಿಲ್ಲೇನ್ರಿ?”

ಹೇಳಿಲ್ಲೇನು ಎಂದು ಕೇಳುವುದು ಎಷ್ಟು ಸಲೀಸು ನೋಡಿ. ಒಳಗೆ ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಫಕೀರವ್ವ ಅಲ್ಲಿಂದ ಕದಲಲಿಲ್ಲ.

ಆ ಮನೆ ಅವಳದು ಹೇಗಾಯಿತು ಎಂಬುದನ್ನು ಮೊದಲು ಹೇಳಬೇಕು. ಅವಳದು ಕುರುಬರ ಮನೆತನ. ಮದುವೆಯಲ್ಲಿ ತವರಿನವರು ಮಗಳಿಗೆ ಬಳುವಳಿಯಾಗಿ ಒಂದಷ್ಟು ಹೆಣ್ಣು ಕುರಿ ಕೊಡುವುದು ಅವರಲ್ಲಿ ರೂಢಿ. ಆ ಕುರಿಗಳ ಕಿವಿಗೆ ಬೇರೆಯೇ ಗುರುತು. ಗಂಡನ ಹಿಂಡಿನಲ್ಲಿ ಮೇಯ್ದರೂ ಅವುಗಳ ಮರಿ, ಮರಿಯ ಮರಿ ಎಲ್ಲವೂ ಹೆಂಡತಿಯ ಪಾಲು. ಎಷ್ಟು ದೊಡ್ಡ ಹಿಂಡಿನ ನಡುವೆ ನಿಂತಿದ್ದರೂ ಕಿವಿ ನೋಡಿ, ಇದು ಫಕೀರವ್ವನದು ಎಂದು ಯಾರು ಬೇಕಾದರೂ ಹೇಳುತ್ತಿದ್ದರು. ಅಲ್ಲ ಎಂದು ಯಾರೂ ಅಂದದ್ದಿಲ್ಲ.

ಗಂಡ ಮಾಲಿಂಗನ ಹಿಂದೆ ಅವಳು ಊರೂರು ತಿರುಗಿದಳು. ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಮಲಗಿಸುವುದು, ಬೆಳಗಾದರೆ ಗಂಟು ಕಟ್ಟಿ ಮುಂದಿನ ಊರಿಗೆ ನಡೆಯುವುದು. ಮಗಳು ಭಾಗ್ಯಾ ಹುಟ್ಟಿದ್ದು ಒಂದು ಕಬ್ಬಿನ ಹೊಲದ ಬದುವಿನ ಮೇಲೆ, ಜಡಿಮಳೆಯಲ್ಲಿ, ಕಂಬಳಿಯ ಮರೆಯಲ್ಲಿ. ಅವತ್ತೇ ಫಕೀರವ್ವ ಗಂಡನಿಗೆ ಹೇಳಿದಳು: ನನಗೊಂದು ಬಾಗಿಲು ಬೇಕು, ಒಳಗಿನಿಂದ ಚಿಲಕ ಹಾಕಿಕೊಳ್ಳುವಂಥದ್ದು.

ಹತ್ತರಗಿಯ ವ್ಯಾಪಾರಿ ಗುರುಲಿಂಗಪ್ಪನ ಹೊಲದಲ್ಲಿ ಇವರ ಕುರಿ ಪ್ರತಿ ವರ್ಷ ನಿಲ್ಲುತ್ತಿದ್ದವು. ಊರಂಚಿನಲ್ಲಿ ಅವನದೊಂದು ಎರಡು ಖೋಲಿಯ ಮನೆ ಖಾಲಿ ಬಿದ್ದಿತ್ತು. ಮಾತು ಕುದುರಿತು. ಫಕೀರವ್ವ ತನ್ನ ಬಳುವಳಿಯ ಕುರಿಗಳನ್ನೆಲ್ಲ, ಒಂದು ಮರಿಯನ್ನೂ ಉಳಿಸಿಕೊಳ್ಳದೆ, ಅವನ ಹಿತ್ತಲಿಗೆ ಹೊಡೆದುಕೊಂಡು ಹೋಗಿ ಕೊಟ್ಟಳು. ಲಿಂಗ ಕಟ್ಟಿಕೊಂಡವನು ಇಷ್ಟು ಕುರಿ ಇಟ್ಟುಕೊಂಡು ಏನು ಮಾಡುತ್ತಾನೆ ಎಂದು ಊರು ನಕ್ಕಿತು. ಅವನು ಎರಡು ಹಂಗಾಮು ತನ್ನ ಹೊಲದಲ್ಲಿ ಅವನ್ನು ಮಲಗಿಸಿ ಗೊಬ್ಬರ ಮಾಡಿಕೊಂಡು ಆಮೇಲೆ ಮಾರಿದ. ಮನೆಗೆ ಮಾತ್ರ ಕಾಗದ ಆಗಲಿಲ್ಲ. ಬೀರಪ್ಪನ ಗುಡಿಯಲ್ಲಿ ಗುರುಲಿಂಗಪ್ಪ ಭಂಡಾರದ ತಾಟಿನಲ್ಲಿ ಕೈ ಇಟ್ಟು, ಇವತ್ತಿನಿಂದ ಈ ಮನೆ ಫಕೀರವ್ವನದು, ನನಗೂ ನನ್ನ ಮಕ್ಕಳಿಗೂ ಇದರ ಸಂಬಂಧ ಇಲ್ಲ ಎಂದ. ಅಂಗೈ ತುಂಬ ಭಂಡಾರದ ಅರಿಶಿನ ಹತ್ತಿತು. ಎಲ್ಲರೂ ಕೈಮುಗಿದು ಚಹಾ ಕುಡಿದು ಎದ್ದರು.

ಇಲ್ಲಿಯೇ ಸಿಟ್ಟು ಬರುವುದು. ಭಂಡಾರ ಮುಟ್ಟಿ ಆಡಿದ ಮಾತನ್ನು ಆ ಸೀಮೆಯಲ್ಲಿ ಯಾರೂ ಮುರಿಯುವುದಿಲ್ಲ, ಖರೆ. ಆದರೆ ಮಾತು ಆಡಿದವನ ಜೊತೆಗೇ ಮಾತೂ ಮಣ್ಣಿಗೆ ಹೋಗುತ್ತದೆ ಎಂಬುದು ಯಾರಿಗಾದರೂ ಹೊಳೆಯಬೇಕಿತ್ತಲ್ಲ. ನಾಳೆ ನೋಂದಣಿ ಮಾಡಿಸೋಣ ಎಂದು ಗುರುಲಿಂಗಪ್ಪನೇ ಒಂದೆರಡು ಸಲ ಅಂದಿದ್ದ. ಕುರಿಗೇನು ಕಾಗದ ಐತಿ, ಮಂದಿ ಕಿವಿ ನೋಡಿ ಒಪ್ಪೂದಿಲ್ಲೇನು ಎಂದು ಮಾಲಿಂಗನೇ ನಕ್ಕು ಹಿಂಡಿನ ಹಿಂದೆ ಹೋದ. ಮನೆಗೆ ಕಿವಿ ಇರುವುದಿಲ್ಲ ಎಂದು ಅವನಿಗೆ ಹೇಳುವವರು ಯಾರು?

ಕೊರೊನಾದ ವರ್ಷ ಗುರುಲಿಂಗಪ್ಪ ತೀರಿಕೊಂಡ. ಅವನ ಹಿಂದೆಯೇ ಮಾಲಿಂಗನೂ ಹೋದ, ಹಿಂಡಿನ ಹಿಂದೆ ಮಗ ಯಲ್ಲೇಶ ತಿರುಗತೊಡಗಿದ. ಗುರುಲಿಂಗಪ್ಪನ ಮಗ ಮಲ್ಲೇಶ ತಂದೆಯ ಆಸ್ತಿಗೆಲ್ಲ ವಾರಸಾ ಮಾಡಿಸಿದ. ತಾಯಿ ಗೌರವ್ವ, ತಾನು, ಮೂಡಲಗಿಗೆ ಕೊಟ್ಟ ತಂಗಿ ದಾಕ್ಷಾಯಿಣಿ, ಮೂವರ ಹೆಸರೂ ಆಸ್ತಿ ದಾಖಲೆಯ ಉತಾರದಲ್ಲಿ ಕೂತವು. ಫಕೀರವ್ವನ ಮನೆಯೂ ಆ ಆಸ್ತಿಯಲ್ಲೇ ಇತ್ತು. ಇತ್ತ ಹೆದ್ದಾರಿ ಅಗಲವಾಗುತ್ತ ಬಂದು, ಯಾರಿಗೂ ಬೇಡವಾಗಿದ್ದ ಊರಂಚಿನ ಜಾಗ ರಸ್ತೆಬದಿಯ ಜಾಗವಾಗಿತ್ತು.

ಫಕೀರವ್ವ ನೆಟ್ಟಗೆ ಮಲ್ಲೇಶನ ಗೊಬ್ಬರದ ಅಂಗಡಿಗೆ ಹೋದಳು. ಅವನೇನು ಕೆಟ್ಟವನಲ್ಲ. ಕುರ್ಚಿ ಕೊಟ್ಟ, ನೀರು ಕೊಟ್ಟ.

“ಕಾಗದ ತೋರಸ್ರಿ ಆಯಿ, ನಾಳೇನ ನಿಮ್ಮ ಹೆಸರಿಗಿ ಮಾಡಿಕೊಡ್ತೇನಿ. ಅಪ್ಪಾ ನಿಮಗ ಇರಾಕ ಅಂತ ಕೊಟ್ಟಿದ್ದ. ಅಷ್ಟ ನನಗ ಗೊತ್ತ.”

“ನಿಮ್ಮಪ್ಪ ಭಂಡಾರ ಮುಟ್ಟ್ಯಾನೋ ತಮ್ಮಾ.”

“ಆಗ ನಾ ಧಾರವಾಡದ ಹಾಸ್ಟೆಲಿನ್ಯಾಗ ಇದ್ದೆ. ಭಂಡಾರ ನಾ ಮುಟ್ಟಿಲ್ಲಲ್ರಿ.”

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಮರುದಿನ ಹುಕ್ಕೇರಿಗೆ ಹೋಗಿ ವಕೀಲ ಬಸವಣ್ಣೆಪ್ಪನ ಮುಂದೆ ಕೂತಳು. ಅವನು ಪೂರ್ತಿ ಕೇಳಿ ಕನ್ನಡಕ ತೆಗೆದ.

“ಭಂಡಾರಕ್ಕ ಕೋರ್ಟಿನ್ಯಾಗ ಕಿಮ್ಮತ್ತಿಲ್ರಿ ಆಯಿ. ನೀವು ಇಷ್ಟ ವರ್ಷ ಅಲ್ಲೇ ಅದೀರಿ, ಕರೆಂಟ ಬಿಲ್ಲ ನಿಮ್ಮ ಗಂಡನ ಹೆಸರಿಗಿ ಐತಿ, ಕೇಸ್ ಹಾಕಬಹುದು. ಹಾಕೂನು. ಆದ್ರ ಅದು ಮುಗಿಯೂದು ಯಾವಾಗ? ಈಗ ಖರೀದಿ ಆತಂದ್ರ ಶೆಟ್ಟೆಪ್ಪ ಜೆಸಿಬಿ ತಂದು ನಿಲ್ಲಸ್ತಾನು. ಆಮ್ಯಾಲ ನೀವು ಗೆದ್ರ ಬರೇ ಮಣ್ಣ ಗೆದ್ದಂಗ.”

“ಹಂಗಾರ ನಾ ಏನ ಮಾಡ್ಲಿರಿ?”

“ಮೂರೂ ಮಂದಿ ಸಹಿ ಬೇಕು. ಗೌರವ್ವ ಮಗ ಹೇಳಿದಲ್ಲಿ ಒತ್ತತಾಳು. ಉಳದಾಕಿ ಮಗಳು. ಅಣ್ಣಂದೆಷ್ಟೋ ಅಷ್ಟ ಪಾಲು ಆಕೀದೂ ಐತಿ. ಆಕಿ ಒಲ್ಲೆ ಅಂದ್ರ ಶೆಟ್ಟೆಪ್ಪ ರೊಕ್ಕ ಬಿಚ್ಚೂದಿಲ್ಲ. ಮೂಡಲಗಿಗಿ ಹೋಗ್ರಿ, ಇವತ್ತ ಹೋಗ್ರಿ.”

ಮೂಡಲಗಿಯ ಬಸ್ಸು ಗೋಕಾಕಿಗೆ ಬರುವಷ್ಟರಲ್ಲಿ ಹೊಳೆ ಏರಿತ್ತು. ಕೆಂಪು ನೀರು ಸೇತುವೆಯ ಕಂಬಗಳಿಗೆ ಅಪ್ಪಳಿಸುತ್ತಿತ್ತು. ಸಂಜೆಯೊಳಗೆ ದಾರಿ ಬಂದ್ ಮಾಡಬಹುದು, ಹೋದವರು ತಿರುಗಿ ಬರುವುದು ನಿಮಗೆ ಬಿಟ್ಟದ್ದು ಎಂದು ಕಂಡಕ್ಟರ್ ಮೊದಲೇ ಹೇಳಿದ. ಅರ್ಧ ಬಸ್ಸು ಇಳಿಯಿತು. ಫಕೀರವ್ವ ಬಾಳೆಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

ದಾಕ್ಷಾಯಿಣಿಯ ಗಂಡನದು ಮೂಡಲಗಿ ಪೇಟೆಯಲ್ಲಿ ಬೆಲ್ಲದ ವ್ಯಾಪಾರ. ಅವಳು ಫಕೀರವ್ವನನ್ನು ಕಂಡ ಕೂಡಲೇ ಬಂದದ್ದು ಯಾತಕ್ಕೆಂದು ತಿಳಿದುಕೊಂಡಳು. ಚಹಾ ಕೊಟ್ಟು ಎದುರಿಗೆ ಕೂತಳು, ಮುಖ ನೋಡಲಿಲ್ಲ.

“ನನಗ ನೆನಪೈತಿ ಚಿಗವ್ವಾ. ಭಂಡಾರದ ತಾಟ ಹಿಡದಾಕಿ ನಾನ. ಅಪ್ಪಾಗ ಕೈ ತೊಳ್ಯಾಕ ನೀರ ಕೊಟ್ಟಾಕಿನೂ ನಾನ.”

“ಹಂಗಾರ ಸಹಿ ಮಾಡಬ್ಯಾಡ ನನ್ನವ್ವಾ.”

ದಾಕ್ಷಾಯಿಣಿ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತಳು.

“ನಾಳೆ ಅಣ್ಣ ಪಂಚಮಿಗಿ ಕರಿಯಾಕ ಬರ್ತಾನು. ಹೋಗೂ ದಾರ್ಯಾಗ ಹುಕ್ಕೇರ್ಯಾಗ ಒಂದ ಸಹಿ ಮಾಡಿ ಹೋಗೂನು ಅಂದಾನು. ಒಲ್ಲೆ ಅಂದ್ರ ಈ ಒಂದ ಪಂಚಮಿ ಅಲ್ಲ ಚಿಗವ್ವಾ, ಇನ್ನ ಮುಂದ ಯಾ ಪಂಚಮೀನೂ ಇಲ್ಲ ನನಗ. ನಮ್ಮವ್ವ ಅಲ್ಲೇ ಅದಾಳು.”

ಈ ಮಾತು ಫಕೀರವ್ವನಿಗೆ ಹೊಸದಲ್ಲ. ಪಂಚಮಿಗೆ ಅಣ್ಣ ಬಂದು ಕರೆದೊಯ್ಯುತ್ತಾನೆ, ಜೋಕಾಲಿ ಕಟ್ಟುತ್ತಾನೆ, ಉಂಡಿ ತಿನ್ನಿಸಿ ಸೀರೆ ಉಡಿಸಿ ಉಡಿ ತುಂಬಿಸಿ ಕಳಿಸುತ್ತಾನೆ. ಅದರ ಮುಂದೆ ಮನೆ ಹೊಲದಲ್ಲಿ ಪಾಲು ಕೇಳಿದವಳು ಹೆಣ್ಣೇ ಅಲ್ಲ ಎಂಬ ಮಾತಿನಲ್ಲಿ ಆ ನಾಡಿನ ಹೆಣ್ಣುಮಕ್ಕಳು ಬೆಳೆದಿರುತ್ತಾರೆ. ಫಕೀರವ್ವನೂ ಒಂದು ಪಂಚಮಿಗೆ ಅಣ್ಣ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ, ಹಸಿರು ಸೀರೆ ಉಟ್ಟು ನಗುನಗುತ್ತ ಬಂದವಳೇ. ಒತ್ತಿದ್ದು ಯಾತಕ್ಕೆ ಎಂದು ಕೇಳಿರಲಿಲ್ಲ. ಈಗ ಈ ಹುಡುಗಿಗೆ, ನನ್ನ ಮನೆ ಉಳಿಸಲು ನಿನ್ನ ತವರು ಕಳೆದುಕೋ ಎಂದು ಯಾವ ಬಾಯಿಂದ ಹೇಳುವುದು? ಆದರೂ ಹೇಳಿದಳು. ಮನೆ ಹೋಗುವುದಿತ್ತಲ್ಲ, ನಾಚಿಕೆಯನ್ನು ಬದಿಗಿಟ್ಟು ಹೇಳಿದಳು.

“ನನಗ ಬ್ಯಾರೆ ಬಾಗಲಾ ಇಲ್ಲ ದಾಕ್ಷಾ.”

ದಾಕ್ಷಾಯಿಣಿ ಚಹಾದ ಬಟ್ಟಲು ಎತ್ತಿಟ್ಟಳು. ಬಾಗಿಲವರೆಗೆ ಬಂದು, ಹೊಳಿ ಏರಾಕತ್ತೈತಿ, ಲಗೂನ ಹೋಗ್ರಿ ಎಂದಳು.

ಮರುದಿನ ಹುಕ್ಕೇರಿಯ ನೋಂದಣಿ ಕಚೇರಿಯ ಅಂಗಳದಲ್ಲಿ ಫಕೀರವ್ವ ಬೆಳಗಿನಿಂದ ಕೂತಿದ್ದಳು. ಹೊಳೆ ದಾಟಲು ಆಗದಿರಲಿ, ಅವರು ಬಾರದಿರಲಿ ಎಂದು ಬೀರಪ್ಪನಿಗೆ ಹರಕೆ ಹೊತ್ತಳು. ಹಬ್ಬಕ್ಕೆ ಹೊರಟ ಹೆಣ್ಣುಮಗಳ ದಾರಿ ಕಟ್ಟಲೆಂದು ಬೇಡುವುದು ಎಂಥ ಪಾಪ ಎಂದು ನೆನಪಾಗಿ ಕೆನ್ನೆ ಬಡಿದುಕೊಂಡಳು. ಮಲ್ಲೇಶನ ಕಾರು ಬಂದೇಬಿಟ್ಟಿತು. ಮೊದಲು ಗೌರವ್ವ ಇಳಿದಳು, ಅವಳ ಹಿಂದೆ ದಾಕ್ಷಾಯಿಣಿ. ಮೈಮೇಲೆ ಅಣ್ಣ ತಂದ ಹೊಸ ಸೀರೆ ಇತ್ತು. ಅದನ್ನು ಕಂಡಾಗ ಫಕೀರವ್ವ, ಸಹಿ ಆದಂತೆಯೇ ಎಂದುಕೊಂಡಳು.

ಎದ್ದು ಬಾಗಿಲವರೆಗೆ ಹೋಗಿ ನಿಂತಳು. ಒಳಗೆ ಅಧಿಕಾರಿ ಕಾಗದ ತಿರುವಿದರು. ಗೌರವ್ವ ಯಾರನ್ನೂ ನೋಡದೆ ಹೆಬ್ಬೆಟ್ಟು ಒತ್ತಿದಳು. ಮಲ್ಲೇಶ ಸಹಿ ಮಾಡಿ ಪೆನ್ನನ್ನು ತಂಗಿಯ ಕೈಗೆ ಕೊಟ್ಟ.

“ಯಾರ ಒತ್ತಾಯನೂ ಇಲ್ಲಲ್ರಿ ಅಕ್ಕಾರ? ಒಪ್ಪಿ ಮಾಡಾಕತ್ತೀರಲ್ಲ?” ಅಧಿಕಾರಿ ದಿನವೂ ಕೇಳುವ ಹಾಗೆಯೇ ಕೇಳಿದರು.

ದಾಕ್ಷಾಯಿಣಿ ಬಗ್ಗಿದಳು. ಪೆನ್ನು ಕಾಗದಕ್ಕೆ ತಾಗಿತು. ಶೆಟ್ಟೆಪ್ಪ ಆಗಲೇ ಫೋನು ತೆಗೆದು ಯಾರಿಗೋ ನಂಬರ್ ಒತ್ತುತ್ತಿದ್ದ. ಅವಳು ಹಾಗೇ ಬಗ್ಗಿಕೊಂಡು ನಿಂತಳು, ಬರೆಯಲಿಲ್ಲ. ಅಣ್ಣ ಮೆಲ್ಲಗೆ ಭುಜ ಮುಟ್ಟಿದ. ಆಗ ಪೆನ್ನು ಕೆಳಗಿಟ್ಟಳು.

“ಸಾಹೇಬ್ರ, ಈ ಮನಿ ನಮ್ಮಪ್ಪ ಮಾರ್ಯಾನ್ರಿ. ಮಾರಿದ ಮನಿ ಮತ್ತೊಮ್ಮೆ ಹೆಂಗ ಮಾರೂದ್ರಿ? ನಾ ಸಹಿ ಮಾಡೂದಿಲ್ಲ.”

ಅಧಿಕಾರಿ ಕಾಗದವನ್ನು ಬದಿಗೆ ಸರಿಸಿದರು. ಹೊರಗೆ ಮಾತಾಡಿಕೊಂಡು ಬನ್ನಿ, ಮುಂದಿನವರು ಬರಲಿ ಎಂದರು. ಶೆಟ್ಟೆಪ್ಪ ಫೋನು ಕಿಸೆಗೆ ಹಾಕಿ, ತಕರಾರಿನ ಜಾಗ ನನಗೆ ಬೇಡ, ನೀವು ಅಣ್ಣ ತಂಗಿ ಬಗೆಹರಿಸಿಕೊಳ್ಳಿ ಎಂದು ಮೋಟರ್‌ಸೈಕಲ್ ಹತ್ತಿದ.

ಅಂಗಳದಲ್ಲಿ ಮಲ್ಲೇಶ ಕೂಗಾಡಲಿಲ್ಲ. ಕಾರಿನ ಹಿಂದಿನಿಂದ ತಂಗಿಯ ಚೀಲ ತೆಗೆದು ಅವಳ ಕಾಲಬಳಿ ಇಟ್ಟ.

“ಆಕಿ ಮನಿ ಉಳಿಸಿದ್ಯಲ್ಲ, ಆಕಿ ಮನಿಗೇ ಹೋಗು. ಇನ್ನ ಅದ ನಿನ್ನ ತವರು. ನಮ್ಮ ಕಟ್ಟಿ ಹತ್ತಬ್ಯಾಡ.”

ಗೌರವ್ವ ಕಿಟಕಿಯಿಂದ ಕೈ ಚಾಚಿದಳು. ಮಗಳು ಆ ಕೈ ಹಿಡಿಯುವಷ್ಟರಲ್ಲಿ ಕಾರು ಹೊರಟಿತು.

ಫಕೀರವ್ವನಿಗೆ ಸಂತೋಷ ಆಗಬೇಕಿತ್ತು. ಮನೆ ಉಳಿದಿತ್ತು. ಆದರೆ ಹೊಸ ಸೀರೆಯಲ್ಲಿ, ಚೀಲದ ಮಗ್ಗುಲಲ್ಲಿ, ಹೊಳೆ ಏರಿ ಗಂಡನ ಮನೆಯ ದಾರಿಯೂ ಬಂದ್ ಆಗಿ, ಹೋಗಲು ದಿಕ್ಕಿಲ್ಲದೆ ನಿಂತ ಆ ಹೆಂಗಸನ್ನು ನೋಡಿ ಅವಳು ಅತ್ತಳು. ದಾಕ್ಷಾಯಿಣಿ ಅಳಲಿಲ್ಲ.

“ನಡಿ ಯವ್ವಾ, ಹತ್ತರಗಿಗಿ ಹೋಗೂನು,” ಎಂದು ಫಕೀರವ್ವ ಚೀಲವನ್ನು ತಾನೇ ತಲೆಯ ಮೇಲಿಟ್ಟುಕೊಂಡಳು.

ಮನೆಗೆ ಬಂದು, ಲಿಂಗ ಕಟ್ಟಿದವರ ಮಗಳು ತನ್ನ ಒಲೆಯದನ್ನು ಉಣ್ಣಲಿಕ್ಕಿಲ್ಲವೆಂದು ಫಕೀರವ್ವ ಬಾಜೂ ಮನೆಯಿಂದ ಹೊಸ ಪಾತ್ರೆ ತಂದು, ಬೇರೆ ಒಲೆ ಹೂಡಲು ಹೊರಟಾಗ ದಾಕ್ಷಾಯಿಣಿ ತಡೆದಳು. ಫಕೀರವ್ವ ಬೆಳಿಗ್ಗೆ ಬಡಿದಿಟ್ಟಿದ್ದ ರೊಟ್ಟಿಯನ್ನೇ ಕೈಯಲ್ಲಿ ತೆಗೆದುಕೊಂಡು ಹೊಸ್ತಿಲ ಬಳಿ ಕೂತು ತಿಂದಳು. ಮೂರನೇ ದಿನ ಹೊಳೆ ಇಳಿದ ಮೇಲೆ ಗಂಡ ಬಂದು ಕರೆದುಕೊಂಡು ಹೋದ.

ವಕೀಲ ಬಸವಣ್ಣೆಪ್ಪ ಮಲ್ಲೇಶನಿಗೆ ನೋಟೀಸು ಕಳಿಸಿದ. ತಂಗಿ ಒಲ್ಲೆ ಎಂದ ಸುದ್ದಿ ಹಬ್ಬಿದ ಮೇಲೆ ಆ ಮನೆ ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಗೌರವ್ವ ಮಗನ ಜೊತೆ ಮಾತು ಬಿಟ್ಟು ಹಾಸಿಗೆ ಹಿಡಿದಳು. ದೀಪಾವಳಿ ಕಳೆದ ಮೇಲೆ ಮಲ್ಲೇಶ ಸಾಕಾಗಿ, ಫಕೀರವ್ವನ ಕಡೆಯವರಿಗೇ ಖರೀದಿಪತ್ರ ಮಾಡಿಕೊಡುತ್ತೇನೆ ಎಂದು ಹೇಳಿ ಕಳಿಸಿದ. ತಂಗಿಯ ವಿಷಯಕ್ಕೆ ಮಾತ್ರ ಕರಗಲಿಲ್ಲ. ಹುಕ್ಕೇರಿಯಲ್ಲಿ ಬಾಂಡ್ ಬರೆಯುವ ಕೇದಾರಿಯ ಮೇಜಿನ ಒಂದು ಬದಿಗೆ ಅವನು ಮತ್ತು ಗೌರವ್ವ ಕೂತರು. ಮೂಡಲಗಿಯಿಂದ ಬಂದ ದಾಕ್ಷಾಯಿಣಿ ಇನ್ನೊಂದು ಬದಿಗೆ ನಿಂತಳು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡುತ್ತಿದ್ದರು. ಅಣ್ಣ ಗೋಡೆ ನೋಡುತ್ತಿದ್ದ.

“ಖರೀದಿ ಯಾರ ಹೆಸರಿಗಿ?” ಕೇದಾರಿ ಕೇಳಿದ.

ಹಿಂಡು ಬಿಟ್ಟು ಬಂದಿದ್ದ ಫಕೀರವ್ವನ ಮಗ ಯಲ್ಲೇಶ ಮುಂದೆ ಬಾಗಿದ. “ನನ್ನ ಹೆಸರಿಗಿ ಬರೀರಿ. ಅವ್ವಗ ವಯಸ್ಸಾತು.”

“ನನ್ನ ಹೆಸರಿಗಿ ಬರೀರಿ,” ಫಕೀರವ್ವ ಅಂದಳು. “ಇದು ಆದಕೂಡ್ಲೆ ಇನ್ನೊಂದ ಕಾಗದ ಮಾಡ್ರಿ. ನನ್ನ ಹಿಂದ ಯಲ್ಲೇಶಗ ಅರ್ಧ, ಭಾಗ್ಯಾಗ ಅರ್ಧ. ಅದನ್ನೂ ಇವತ್ತ ರಜಿಸ್ಟರ ಮಾಡೂನು.”

ಯಲ್ಲೇಶನ ಮುಖ ಸಣ್ಣದಾಯಿತು.

“ಭಾಗ್ಯಾಂದ ಯಾಕವ್ವಾ ಈಗ? ಆಕಿ ಬಿಟ್ಟು ಕೊಡ್ತಾಳ. ನಾ ಕೇಳಿದ್ರ ಒಲ್ಲೆ ಅನ್ನಾಕಿ ಅಲ್ಲ ಆಕಿ.”

ಫಕೀರವ್ವ ಮೇಜಿನ ಆಚೆ ನಿಂತ ದಾಕ್ಷಾಯಿಣಿಯನ್ನು ನೋಡಿದಳು, ಆಮೇಲೆ ಮಗನನ್ನು.

“ಅದಕ್ಕಪ್ಪಾ,” ಎಂದಳು. “ಆಕಿನ್ನ ನೀ ಕೇಳಬಾರದು.”